ಲಂಡನ್ನಿನ ಫ್ರೀಮೇಸನ್ಸ್ ಹಾಲ್ ಮ್ಯೂಸಿಯಂ: ಮೂಲೆಮಟ್ಟ, ತೂಗುಗುಂಡು ಬಲ್ಲವರು ನೋಡಲೇಬೇಕಾದ ಜಾಗ

ಮಗ ಅಲ್ಲಿ ಕೆಲಸದಲ್ಲಿದ್ದಾನೆ, ಮಗಳು ಓದುತ್ತಿದ್ದಾಳೆ ಎಂದು ದಾವಣಗೆರೆ, ಚಿತ್ರದುರ್ಗದಿಂದ ಲಂಡನ್ನಿಗೆ ಹೋಗಿಬರುವವರು ಈಗ ಬಹಳ ಮಂದಿ. ಹೋದವರೆಲ್ಲ ನೋಡಿಬರುವುದು ಅದೇ ಗಡಿಯಾರದ ಗೋಪುರ, ಅದೇ ಸೇತುವೆ, ಅದೇ ಅರಮನೆಯ ಗೇಟು. ಊರಿನ ನಡುಮಧ್ಯದಲ್ಲೇ ಇದ್ದು, ಒಂದು ಪೈಸೆ ಟಿಕೆಟ್ ಇಲ್ಲದೆ ನೋಡಬಹುದಾದ ಫ್ರೀಮೇಸನ್ಸ್ ಹಾಲ್ ಮತ್ತು ಅದರೊಳಗಿನ ಮ್ಯೂಸಿಯಂ ಆಫ್ ಫ್ರೀಮೇಸನ್ರಿ ಕಡೆ ನಮ್ಮವರು ತಿರುಗಿ ನೋಡುವುದು ಕಡಿಮೆ. 'ಅದೇನೋ ಗುಪ್ತ ಸಂಘವಂತೆ, ನಮ್ಮನ್ನು ಒಳಗೆ ಬಿಡ್ತಾರಾ?' ಎಂಬ ಅನುಮಾನವೇ ಇದಕ್ಕೆ ಕಾರಣ. ಬಿಡುತ್ತಾರೆ. ಗಂಡಸರು, ಹೆಂಗಸರು, ಮಕ್ಕಳು ಯಾರು ಬೇಕಾದರೂ ಹೋಗಬಹುದು. ನೀವು ಯಾರು, ಯಾವ ಧರ್ಮ, ಸದಸ್ಯರೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಮೊದಲೇ ಒಂದು ಮಾತು. ಫ್ರೀಮೇಸನ್‌ಗಳು, ಚಿಕ್ಕದಾಗಿ ಮೇಸನ್‌ಗಳು, ಎಂದರೆ ಕಲ್ಲು ಕೆಲಸದವರ ಸಲಕರಣೆಗಳನ್ನೇ ನಡತೆಯ ಸಂಕೇತ ಮಾಡಿಕೊಂಡ ಒಂದು ಹಳೆಯ ಸೋದರ ಸಂಘದವರು. ನಮ್ಮ ಬಾಯಲ್ಲಿ ಲಾಡ್ಜ್ ಎಂದರೆ ಬಸ್‌ಸ್ಟ್ಯಾಂಡ್ ಎದುರಿನ ರೂಮು. ಇಲ್ಲಿ ಅದು ಮೇಸನ್‌ಗಳ ಒಂದು ಘಟಕದ ಹೆಸರು. ಪ್ರತಿ ಲಾಡ್ಜ್‌ಗೂ ಹೆಸರಿನ ಜೊತೆ ಒಂದು ನಂಬರು ಇರುತ್ತದೆ. ಎಲ್ಲ ಲಾಡ್ಜ್‌ಗಳ ಮೇಲೆ ಇರುವುದು ಗ್ರ್ಯಾಂಡ್ ಲಾಡ್ಜ್. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್‌ನ ಕೇಂದ್ರ ಕಚೇರಿಯೇ ಈ ಕಟ್ಟಡ. ಹಾಗೆಯೇ 'ಟೆಂಪಲ್' ಎಂದರೆ ದೇವಸ್ಥಾನ ಅಲ್ಲ, ಸಭೆ ಸೇರುವ ಕೋಣೆ. 'ಜ್ಯೂಯೆಲ್' ಎಂದರೆ ರತ್ನ ಅಲ್ಲ, ಎದೆಗೋ ಕೊರಳಿಗೋ ಹಾಕುವ ಪದಕ. ಈ ಮೂರು ಪದಗಳ ಅರ್ಥ ತಲೆಯಲ್ಲಿದ್ದರೆ ಒಳಗಿನ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ವಿಳಾಸ 60, ಗ್ರೇಟ್ ಕ್ವೀನ್ ಸ್ಟ್ರೀಟ್. ಹೀಥ್ರೂ ವಿಮಾನ ನಿಲ್ದಾಣದಿಂದ ಬರುವ ಪಿಕಡಿಲಿ ಲೈನ್ ಮೆಟ್ರೋ ಕವೆಂಟ್ ಗಾರ್ಡನ್, ಹೋಬರ್ನ್ ಎರಡೂ ಕಡೆ ನಿಲ್ಲುತ್ತದೆ. ಎರಡರಿಂದಲೂ ಐದಾರು ನಿಮಿಷದ ನಡಿಗೆ. ವಯಸ್ಸಾದವರು ಜೊತೆಗಿದ್ದರೆ ಹೋಬರ್ನ್‌ನಲ್ಲಿ ಇಳಿಯಿರಿ. ಅಲ್ಲಿ ಮೇಲೆ ಬರಲು ಎಸ್ಕಲೇಟರ್ ಇದೆ. ಕವೆಂಟ್ ಗಾರ್ಡನ್‌ನಲ್ಲಿ ಲಿಫ್ಟ್ ಮಾತ್ರ, ಅದರ ಮುಂದೆ ಜನ ಕಟ್ಟಿಕೊಂಡಿರುತ್ತಾರೆ. ಕಾಯಲಾರದೆ ಪಕ್ಕದ ಸುರುಳಿ ಮೆಟ್ಟಿಲು ಹಿಡಿದರೆ 193 ಮೆಟ್ಟಿಲು, ಮಂಡಿನೋವಿನವರಿಗೆ ಅರ್ಧದಲ್ಲೇ ಉಸಿರು ಕಟ್ಟುತ್ತದೆ. ಹೋಬರ್ನ್‌ನಿಂದ ಹೊರಬಂದು ಕಿಂಗ್ಸ್‌ವೇ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆದು ಬಲಕ್ಕೆ ತಿರುಗಿದರೆ ಅದೇ ಗ್ರೇಟ್ ಕ್ವೀನ್ ಸ್ಟ್ರೀಟ್. ಬೀದಿಯ ಮೂಲೆಯಲ್ಲಿ ಬಿಳಿ ಕಲ್ಲಿನ ದೊಡ್ಡ ಗೋಪುರ ನಿಂತಿದೆ, ದಾರಿ ತಪ್ಪುವ ಮಾತೇ ಇಲ್ಲ.

ತಪ್ಪುವುದು ಅದಕ್ಕೂ ಮೊದಲು, ಮೊಬೈಲ್‌ನಲ್ಲಿ ಹುಡುಕುವಾಗ. ಬರೀ 'ಮೇಸನ್ಸ್ ಹಾಲ್' ಎಂದು ಹಾಕಿದರೆ ಸೇಂಟ್ ಜೇಮ್ಸಸ್ ಸ್ಟ್ರೀಟ್‌ನ ಮಾರ್ಕ್ ಮೇಸನ್ಸ್ ಹಾಲ್ ಬರಬಹುದು. ಅದು ಬೇರೆ ಸಂಸ್ಥೆ, ಬೇರೆ ಜಾಗ. 'ಟೆಂಪಲ್' ಎಂಬ ಮೆಟ್ರೋ ನಿಲ್ದಾಣವೂ ಇದೆ. ಆ ಹೆಸರು ಬಂದದ್ದು ಟೆಂಪ್ಲರ್ ಯೋಧರ ಹಳೆಯ ಚರ್ಚಿನ ಆವರಣದಿಂದ, ಈ ಹಾಲ್‌ಗೂ ಅದಕ್ಕೂ ಸಂಬಂಧವಿಲ್ಲ. ಹುಡುಕುವಾಗ ಬೀದಿಯ ಹೆಸರನ್ನೂ ಸೇರಿಸಿ.

ಮೆಟ್ರೋ ಚಾರ್ಜಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಸಾಕು. ಆದರೆ ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು, ಒಂದನ್ನೇ ಗಂಡ ಹೆಂಡತಿ ಇಬ್ಬರೂ ಉಜ್ಜಿದರೆ ಗೇಟು ತೆರೆಯುವುದಿಲ್ಲ. ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಸಿಕೊಳ್ಳಿ. ದೊಡ್ಡವರ ಜೊತೆಗಿರುವ 11 ವರ್ಷದೊಳಗಿನ ಮಕ್ಕಳಿಗೆ ಮೆಟ್ರೋ ಉಚಿತ.

ಮ್ಯೂಸಿಯಂ ತೆರೆದಿರುವುದು ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ 10ರಿಂದ ಸಂಜೆ 5. ನಮ್ಮವರು ಮನೆಮಂದಿಯೆಲ್ಲ ಸೇರಿ ಹೊರಡುವುದೇ ಭಾನುವಾರ, ಅವತ್ತೇ ಬಾಗಿಲು ಹಾಕಿರುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಇದು ಬರೀ ನೋಡಲೆಂದು ಇಟ್ಟ ಕಟ್ಟಡ ಅಲ್ಲ, ದಿನವೂ ಸಭೆ ನಡೆಯುವ ಕಚೇರಿ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳ ಎರಡನೇ ಬುಧವಾರ ಗ್ರ್ಯಾಂಡ್ ಲಾಡ್ಜ್‌ನ ತ್ರೈಮಾಸಿಕ ಸಭೆ. ಏಪ್ರಿಲ್‌ನ ಕೊನೆಯ ಬುಧವಾರ ಪದಾಧಿಕಾರಿಗಳ ವಾರ್ಷಿಕ ಸಮಾರಂಭ. ಆ ದಿನಗಳಲ್ಲಿ ಮುಖ್ಯ ಸಭಾಂಗಣದ ಕಡೆ ಹೋಗುವ ಆಸೆ ಬಿಡಿ. ಸಿನಿಮಾ ಶೂಟಿಂಗ್, ಫ್ಯಾಷನ್ ಶೋಗಳಿಗೂ ಕಟ್ಟಡವನ್ನು ಕೊಡುತ್ತಾರೆ, ಆಗಲೂ ಗೈಡೆಡ್ ಟೂರ್ ನಿಲ್ಲುತ್ತದೆ. ಮ್ಯೂಸಿಯಂಗೆ ನೇರವಾಗಿ ಹೋಗಬಹುದು, ಟೂರ್‌ಗೆ ಮಾತ್ರ ಆನ್‌ಲೈನ್‌ನಲ್ಲಿ ಮೊದಲೇ ಜಾಗ ಹಿಡಿದುಕೊಂಡು ಹೋಗಿ. ಟೂರ್ ತಪ್ಪಿದರೆ ಊಟಕ್ಕೆ ಕೂತು ಕೋಸಂಬರಿ ತಿಂದು ಎದ್ದಂತೆ.

ಇನ್ನು ಒಳಗಿನ ವಿಷಯ. ಗಾಜಿನ ಕಪಾಟುಗಳಲ್ಲಿ ಇರುವುದೆಲ್ಲ ಒಂದೇ ಮೂಲದಿಂದ ಹುಟ್ಟಿದ್ದು: ಕಲ್ಲು ಕೆಲಸದವರ ಸಲಕರಣೆ. ಮನೆ ಕಟ್ಟಿಸಿದವರಿಗೆ, ಮೇಸ್ತ್ರಿಯ ಹಿಂದೆ ನಿಂತು ಕೆಲಸ ನೋಡಿದವರಿಗೆ ಇದು ಪರಿಚಿತ ಲೋಕ. ಫ್ರೀಮೇಸನ್‌ಗಳಲ್ಲಿ ಮೂರು ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಿಗೆ ಮೂರರಂತೆ ಒಂಬತ್ತು ಸಲಕರಣೆ. ಹೊಸದಾಗಿ ಸೇರಿದವನಿಗೆ 24 ಇಂಚಿನ ಅಳತೆಗೋಲು, ಸುತ್ತಿಗೆ, ಉಳಿ. ಎರಡನೆಯವನಿಗೆ ಮೂಲೆಯ ಕೋನ ನೋಡುವ ಮೂಲೆಮಟ್ಟ, ಸಮತಟ್ಟು ನೋಡುವ ಮಟ್ಟ, ಗೋಡೆಯ ನೇರ ನೋಡುವ ತೂಗುಗುಂಡು. ಮೂರನೆಯ ಮೆಟ್ಟಿಲಿನ ಮಾಸ್ಟರ್ ಮೇಸನ್‌ಗೆ ಅಡಿಪಾಯದ ಗೆರೆ ಹಾಕುವ ದಾರದ ಗೂಟ, ಪೆನ್ಸಿಲ್, ಕೈವಾರ. ಕೆಲಸ ಕಲಿಯುವ ಹುಡುಗ ಕಲ್ಲು ಒಡೆಯುತ್ತಾನೆ, ಕಲಿತವನು ಗೋಡೆ ನೇರವಿದೆಯೇ ಎಂದು ನೋಡುತ್ತಾನೆ, ಮೇಸ್ತ್ರಿ ನಕ್ಷೆ ಬರೆಯುತ್ತಾನೆ. ನಮ್ಮಲ್ಲಿ ಗಾರೆ ಕೆಲಸದ ಜಾಗದಲ್ಲಿ ಇವತ್ತಿಗೂ ಇದೇ ಅನುಕ್ರಮ ತಾನೇ? ಒಂದೊಂದು ಸಲಕರಣೆಗೂ ಅವರು ಒಂದೊಂದು ನಡತೆಯ ಅರ್ಥ ಹಚ್ಚಿದ್ದಾರೆ. 24 ಇಂಚಿನ ಕೋಲು ದಿನದ 24 ಗಂಟೆ, ಅದನ್ನು ಪ್ರಾರ್ಥನೆಗೆ, ದುಡಿಮೆಗೆ, ಇನ್ನೊಬ್ಬರ ನೆರವಿಗೆ ಹೇಗೆ ಹಂಚಿಕೊಳ್ಳಬೇಕು ಎಂಬ ಲೆಕ್ಕ. ಮಟ್ಟ ಎಂದರೆ ಎಲ್ಲರೂ ಸಮ. ತೂಗುಗುಂಡು ಎಂದರೆ ನೆಟ್ಟಗಿನ ನಡತೆ. ಇಲ್ಲಿ ಕಾಣುವ ಮಟ್ಟ ನಮ್ಮ ರಸಮಟ್ಟದಂತೆ ಗಾಳಿಗುಳ್ಳೆ ಇರುವುದಲ್ಲ, ಅದರ ಹಿರಿಯಣ್ಣ: ಚೌಕಟ್ಟಿನ ನಡುವೆ ಗುಂಡು ಇಳಿಬಿಟ್ಟು, ದಾರ ಗೆರೆಯ ಮೇಲೆ ಬಿತ್ತೇ ಎಂದು ನೋಡುವ ಹಳೆಯ ಕಾಲದ್ದು.

ಜೊತೆಗೆ ಎರಡು ಕಲ್ಲುಗಳ ವಿಚಾರ ಬರುತ್ತದೆ. ಒಂದು ಗಣಿಯಿಂದ ತಂದ ಹಾಗೇ ಇರುವ ಒರಟು ಕಲ್ಲು, ಇನ್ನೊಂದು ಆರು ಮುಖವೂ ನಯ ಮಾಡಿದ ಕಲ್ಲು. ಸೇರಿದ ದಿನದ ಮನುಷ್ಯ ಮೊದಲನೆಯದು, ಆಗಬೇಕಾದದ್ದು ಎರಡನೆಯದು. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಈ ಮಾತು ಬೇಗ ಮನಸ್ಸಿಗೆ ಇಳಿಯುತ್ತದೆ. ಬಂಡೆಯ ಮೈಮೇಲೆ ಸಾಲಾಗಿ ಕುಳಿ ಹೊಡೆದು, ಬೆಣೆ ಇಟ್ಟು ಸೀಳಿದ ಗುರುತುಗಳು ಅಲ್ಲಿ ಹಾಗೇ ಉಳಿದಿವೆ. ನಾಲ್ಕು ಹೆಜ್ಜೆ ಮುಂದೆ ಅದೇ ಕಲ್ಲು ಸುಣ್ಣದ ಹಂಗಿಲ್ಲದೆ ಒಂದರ ಮೇಲೊಂದು ಕೂತು ಗೋಡೆಯಾಗಿದೆ. ಲಂಡನ್ನಿಗೆ ಹೊರಡುವ ಮುನ್ನ ಒಂದು ಬೆಳಿಗ್ಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಆ ಬೆಣೆ ಗುರುತನ್ನು ಬೆರಳಿಟ್ಟು ತೋರಿಸಿ. ಮ್ಯೂಸಿಯಂನ ಯಾವ ಬೋರ್ಡ್ ಓದುವುದಕ್ಕಿಂತ ಅದೇ ಒಳ್ಳೆಯ ತಯಾರಿ.

ಪದಕಗಳ ಕಪಾಟಿನಲ್ಲಿ ಒಂದನ್ನು ಹುಡುಕಿ ಹತ್ತಿರದಿಂದ ನೋಡಲೇಬೇಕು: ಲಾಡ್ಜ್‌ನ ಅಧ್ಯಕ್ಷಗಿರಿ ಮುಗಿಸಿದವರು ಧರಿಸುವ ಪದಕ. ಮೇಲೆ ಒಂದು ಮೂಲೆಮಟ್ಟ, ಅದರ ಕೆಳಗೆ ಬೆಳ್ಳಿಯ ಚಿಕ್ಕ ತಗಡು ತೂಗುತ್ತಿರುತ್ತದೆ. ತಗಡಿನ ಮೇಲೆ ಒಂದು ತ್ರಿಕೋನ, ಅದರ ಮೂರು ಬದಿಗಳಿಗೆ ಅಂಟಿಕೊಂಡು ಮೂರು ಚೌಕ. ಇದು ಯೂಕ್ಲಿಡ್‌ನ ಮೊದಲ ಪುಸ್ತಕದ 47ನೇ ಪ್ರಮೇಯ, ಶಾಲೆಯಲ್ಲಿ ಪೈಥಾಗೊರಸ್ ಹೆಸರಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದು. ಇದೇ ಲೆಕ್ಕವನ್ನು ನಮ್ಮ ಮೇಸ್ತ್ರಿಗಳು ದಾರದಲ್ಲಿ ಮಾಡುತ್ತಾರೆ. ಒಂದು ಗೋಡೆಯ ಗೆರೆಯ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು, ಎರಡರ ನಡುವೆ ಅಳೆದರೆ ಸರಿಯಾಗಿ 5 ಅಡಿ ಬರಬೇಕು. ಹೆಚ್ಚು ಬಂದರೆ ಮೂಲೆ ಹೊರಕ್ಕೆ ಹಿಗ್ಗಿದೆ, ಕಡಿಮೆ ಬಂದರೆ ಒಳಕ್ಕೆ ಕುಗ್ಗಿದೆ. ಪಾಯದಲ್ಲಿ ಅರ್ಧ ಇಂಚು ತಪ್ಪಿದರೆ ಟೈಲ್ಸ್ ಹಾಕುವ ದಿನ ಗೋಡೆಯ ಪಕ್ಕದಲ್ಲಿ ಓರೆ ತುಂಡು ಕತ್ತರಿಸಬೇಕಾಗುತ್ತದೆ. ಅಷ್ಟು ದೊಡ್ಡ ವಿದ್ಯೆ ಹೆಬ್ಬೆರಳಗಲದ ಬೆಳ್ಳಿಯಲ್ಲಿ ತೂಗುತ್ತಿರುವುದನ್ನು ನೋಡುವುದೇ ಒಂದು ಖುಷಿ.

ಉಳಿದ ಪದಕಗಳನ್ನು ಓದುವುದಕ್ಕೂ ಸುಲಭದ ದಾರಿ ಇದೆ. ಮೂಲೆಮಟ್ಟ ಇದ್ದರೆ ಅಧ್ಯಕ್ಷ, ಮಟ್ಟ ಇದ್ದರೆ ಸೀನಿಯರ್ ವಾರ್ಡನ್, ತೂಗುಗುಂಡು ಇದ್ದರೆ ಜೂನಿಯರ್ ವಾರ್ಡನ್, ಅಂದರೆ ಅಧ್ಯಕ್ಷನ ನಂತರದ ಇಬ್ಬರು ಪದಾಧಿಕಾರಿಗಳು. ಬೀಗದ ಕೈ ಖಜಾಂಚಿಗೆ, ಅಡ್ಡ ಇಟ್ಟ ಎರಡು ಲೇಖನಿ ಕಾರ್ಯದರ್ಶಿಗೆ, ಕತ್ತಿ ಬಾಗಿಲು ಕಾಯುವವನಿಗೆ. ಸಹಾಯಧನ ಹಂಚುವವನದ್ದು ಕೈಚೀಲ. ಶಿಲುಬೆಯ ಆಕಾರದ ಪದಕ ಕಂಡರೆ ಅದು ಬಹುತೇಕ 'ಹಾಲ್ ಸ್ಟೋನ್ ಜ್ಯೂಯೆಲ್', ಈ ಕಟ್ಟಡಕ್ಕೆ ದೇಣಿಗೆ ಕೊಟ್ಟವರಿಗೆ ಸಂದದ್ದು. ಮೂಲೆಮಟ್ಟ, ಕೈವಾರದ ನಡುವೆ 'ಜಿ' ಅಕ್ಷರ ಇರುವ ಲಾಂಛನವನ್ನು ಇಂಟರ್ನೆಟ್ಟಿನಲ್ಲಿ ನೋಡಿ ಹೋದವರು ಇಲ್ಲಿ ಅದನ್ನೇ ಹುಡುಕುತ್ತಾರೆ. ಅದು ಹೆಚ್ಚಾಗಿ ಅಮೆರಿಕದವರ ರೂಢಿ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಆ ಅಕ್ಷರ ಇರುವುದಿಲ್ಲ.

ಇಡೀ ಸಂಗ್ರಹದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಏಪ್ರನ್‌ಗಳ ಮುಂದೆ. ಕಲ್ಲು ಕೆಲಸದವನು ಬಟ್ಟೆ ಕೆಡದಿರಲಿ ಎಂದು ಸೊಂಟಕ್ಕೆ ಕಟ್ಟುತ್ತಿದ್ದ ಚರ್ಮವೇ ಇಲ್ಲಿ ಪದವಿಯ ಗುರುತಾಗಿದೆ. ಹೊಸಬನದ್ದು ಕುರಿಮರಿ ಚರ್ಮದ ಬರೀ ಬಿಳಿ. ಎರಡನೆಯ ಮೆಟ್ಟಿಲಿಗೆ ಕೆಳತುದಿಯಲ್ಲಿ ಎರಡು ತಿಳಿನೀಲಿ ಹೂಗಂಟು. ಮೂರನೆಯದಕ್ಕೆ ಮೂರು ಹೂಗಂಟು, ತಿಳಿನೀಲಿ ಅಂಚು, ಎರಡು ಕಡೆ ಏಳೇಳು ಎಳೆಯ ಬೆಳ್ಳಿ ಕುಚ್ಚು. ಗ್ರ್ಯಾಂಡ್ ಲಾಡ್ಜ್‌ನ ಪದಾಧಿಕಾರಿಗಳದ್ದು ಗಾಢ ನೀಲಿ, ಚಿನ್ನದ ಕಸೂತಿ. ಈ ಏಕರೂಪ ಬಂದದ್ದು 1813ರ ನಂತರ. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಎರಡು ಗ್ರ್ಯಾಂಡ್ ಲಾಡ್ಜ್‌ಗಳು ಅರವತ್ತು ವರ್ಷ ಒಂದರ ಮೇಲೊಂದು ಹಠ ಸಾಧಿಸುತ್ತಿದ್ದವು. ಅವು ಒಂದಾದ ಮೇಲೆ ಉಡುಪಿನ ನಿಯಮ ಬಂತು. ಹಾಗಾಗಿ ಹದಿನೆಂಟನೆಯ ಶತಮಾನದ ಏಪ್ರನ್‌ಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಬ್ಬ ಕೈಯಲ್ಲಿ ಬಣ್ಣದ ಚಿತ್ರ ಬರೆದಿದ್ದಾನೆ, ಇನ್ನೊಬ್ಬರು ಸೂಜಿಯಲ್ಲಿ ಸೂರ್ಯ, ಚಂದ್ರ, ಕಂಬಗಳನ್ನು ಹೊಲಿದಿದ್ದಾರೆ. ಕಸೂತಿ ಬಲ್ಲ ನಮ್ಮ ಹೆಣ್ಣುಮಕ್ಕಳು ಆ ಹೊಲಿಗೆಯನ್ನು ಖಂಡಿತ ನೋಡಬೇಕು.

ದೊಡ್ಡ ವಸ್ತುಗಳಲ್ಲಿ ಎಲ್ಲರ ಕಣ್ಣು ಹೋಗುವುದು 1791ರಲ್ಲಿ ಆಗಿನ ಯುವರಾಜನಿಗೆ, ಅಂದರೆ ಮುಂದೆ ನಾಲ್ಕನೇ ಜಾರ್ಜ್ ಆದವನಿಗೆ, ಮಾಡಿಸಿದ ಗ್ರ್ಯಾಂಡ್ ಮಾಸ್ಟರ್ (ಗ್ರ್ಯಾಂಡ್ ಲಾಡ್ಜ್‌ನ ಮುಖ್ಯಸ್ಥ) ಸಿಂಹಾಸನದ ಮೇಲೆ. ಚಿನ್ನದ ಬಣ್ಣದ ಈ ಭಾರಿ ಕುರ್ಚಿಯಲ್ಲಿ ಎಂಥ ಆಳೂ ಮಗುವಿನಂತೆ ಕಾಣಬೇಕು. ಚರ್ಚಿಲ್ 1901ರಲ್ಲಿ ಸದಸ್ಯನಾದವನು, ಅವನ ಏಪ್ರನ್ ಇಲ್ಲಿದೆ. ಏಳನೇ ಎಡ್ವರ್ಡ್ ದೊರೆಯ ಉಡುಪೂ ಇದೆ. ಇವುಗಳ ಮುಂದೆ ಫೋಟೋಗೆ ನೂಕುನುಗ್ಗಲು. ಮನಸ್ಸಿಗೆ ತಟ್ಟುವುದು ಮಾತ್ರ ಇವಲ್ಲ, ಯುದ್ಧಕೈದಿಗಳು ಮಾಡಿದ ಚಿಕ್ಕಚಿಕ್ಕ ವಸ್ತುಗಳು. ನೆಪೋಲಿಯನ್ ಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಸೆರೆಯಲ್ಲಿದ್ದ ಫ್ರೆಂಚರು ಊಟದಲ್ಲಿ ಉಳಿದ ಮೂಳೆಯನ್ನೇ ಕೆತ್ತಿ ಮೇಸನ್ ಲಾಂಛನ ಮಾಡಿದರು. ಪಿಂಗಾಣಿ ತಟ್ಟೆ, ಗಾಜಿನ ಲೋಟ, ನಶ್ಯದ ಡಬ್ಬಿಗಳ ಸಾಲು ಉದ್ದವಿದೆ, ಹಾಯ್ದು ಹೋದರೂ ನಷ್ಟವಿಲ್ಲ.

ಗುಪ್ತ ಸಂಘ ಎಂಬ ಮಾತಿಗೆ ಬಂದರೆ, 1799ರ ಒಂದು ಕಾಯ್ದೆಯನ್ನು ತಿಳಿದುಕೊಂಡು ಹೋಗಿ. ಫ್ರೆಂಚ್ ಕ್ರಾಂತಿಗೆ ಹೆದರಿದ ಬ್ರಿಟಿಷ್ ಸರ್ಕಾರ ಪ್ರಮಾಣವಚನ ಮಾಡಿಸುವ ಸಂಘಗಳನ್ನು ನಿಷೇಧಿಸಿತು. ಮೇಸನ್‌ಗಳಿಗೆ ವಿನಾಯಿತಿ ಕೊಟ್ಟಿತು, ಒಂದು ಷರತ್ತಿನ ಮೇಲೆ: ಪ್ರತಿ ಲಾಡ್ಜ್ ವರ್ಷಕ್ಕೊಮ್ಮೆ ತನ್ನ ಸದಸ್ಯರ ಪಟ್ಟಿಯನ್ನು ಜಿಲ್ಲೆಯ ನ್ಯಾಯಾಧಿಕಾರಿಗಳ ಕಚೇರಿಗೆ ಒಪ್ಪಿಸಬೇಕು. ಈ ಪದ್ಧತಿ ನಡೆದದ್ದು 1967ರವರೆಗೆ. 168 ವರ್ಷ ಸರ್ಕಾರಕ್ಕೆ ಹೆಸರು ಬರೆದುಕೊಟ್ಟ ಸಂಘವನ್ನು ಗುಪ್ತ ಎನ್ನುವುದು ಕಷ್ಟ. ಗುಟ್ಟು ಇರುವುದು ಪರಸ್ಪರ ಗುರುತಿಸುವ ಸಂಕೇತಗಳಲ್ಲಿ, ದೀಕ್ಷೆಯ ವಿಧಿಯ ಮಾತುಗಳಲ್ಲಿ. ಹುಟ್ಟಿನ ಕಥೆಯಲ್ಲೂ ಎಚ್ಚರ ಬೇಕು. 1717ರ ಜೂನ್ 24ರಂದು ಲಂಡನ್ನಿನ ಒಂದು ಪಾನಗೃಹದಲ್ಲಿ ನಾಲ್ಕು ಲಾಡ್ಜ್‌ಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಕಟ್ಟಿದವು ಎಂಬುದು ಅವರ ಪರಂಪರೆಯ ಮಾತು. ಅದು 1721 ಇರಬೇಕು ಎಂದು ಈಚೆಗೆ ಕೆಲವು ಇತಿಹಾಸಕಾರರು ವಾದಿಸಿದ್ದಾರೆ. ಇನ್ನೊಂದು ಮಾತನ್ನೂ ಮರೆಯಬಾರದು. ಆ ಹೊತ್ತಿಗೆ ಈ ಸಂಘದಲ್ಲಿ ಇದ್ದವರಲ್ಲಿ ಕಲ್ಲು ಕೆಲಸ ಮಾಡುವವರು ವಿರಳ, ಇದ್ದವರು ಹೆಚ್ಚಾಗಿ ಅನುಕೂಲಸ್ಥ ಮಹನೀಯರು. ಸಲಕರಣೆ ಕುಟಿಗನದ್ದು, ಕೈ ಬೇರೆಯವರದ್ದು. ನಮ್ಮ ಹೊಯ್ಸಳ ಗುಡಿಗಳಲ್ಲಿ ಬಳ್ಳಿಗಾವಿಯ ದಾಸೋಜ, ಮಲ್ಲಿತಮ್ಮರಂಥ ರೂವಾರಿಗಳು ತಾವು ಕೆತ್ತಿದ ಕಲ್ಲಿನ ಬುಡದಲ್ಲೇ ಹೆಸರು ಹಾಕಿಹೋದದ್ದು ಇಲ್ಲಿ ನೆನಪಾಗದೆ ಇರುವುದಿಲ್ಲ.

ಈಗ ಟೂರ್. ಸುಮಾರು ಒಂದು ಗಂಟೆ. ಈ ಜಾಗದಲ್ಲಿ ಇದು ಮೂರನೇ ಹಾಲ್, ಮೊದಲನೆಯದು 1776ರದ್ದು. ಈಗಿನದನ್ನು ಕಟ್ಟಿದ್ದು 1927ರಿಂದ 1933ರವರೆಗೆ, ಮೊದಲ ಮಹಾಯುದ್ಧದಲ್ಲಿ ಸತ್ತ 3,225 ಸದಸ್ಯರ ನೆನಪಿಗೆ. ವಾಸ್ತುಶಿಲ್ಪಿಗಳು ಆ್ಯಶ್ಲಿ ಮತ್ತು ನ್ಯೂಮನ್. ಅವರ ನಕ್ಷೆಯನ್ನು ಸ್ಪರ್ಧೆಯಲ್ಲಿ ಆರಿಸಿದ ಸಮಿತಿಯ ಅಧ್ಯಕ್ಷ ಯಾರು ಗೊತ್ತೇ? ನವದೆಹಲಿ ಕಟ್ಟಿದ ಲುಟಿಯೆನ್ಸ್. ಅಡಿಗಲ್ಲು ಇಟ್ಟ ಗ್ರ್ಯಾಂಡ್ ಮಾಸ್ಟರ್ ಡ್ಯೂಕ್ ಆಫ್ ಕನಾಟ್, ದೆಹಲಿಯ ಕನಾಟ್ ಪ್ಲೇಸ್‌ಗೆ ಹೆಸರು ಬಂದದ್ದು ಈತನಿಂದ. ನಮ್ಮ ಹಳೆಯ ಸಂಸತ್ ಭವನಕ್ಕೆ 1921ರಲ್ಲಿ ಅಡಿಗಲ್ಲು ಇಟ್ಟವನೂ ಈತನೇ. ಈ ಹಾಲ್‌ನ ಅಡಿಗಲ್ಲನ್ನು ಮಾತ್ರ ಆತ ಮುಟ್ಟಲಿಲ್ಲ. ಜನ ಹಿಡಿಸುವುದಿಲ್ಲವೆಂದು ಸಮಾರಂಭವನ್ನು ಆಲ್ಬರ್ಟ್ ಹಾಲ್‌ನಲ್ಲಿ ಇಟ್ಟುಕೊಂಡು, ಅಲ್ಲಿಂದಲೇ ವಿದ್ಯುತ್ ಸಂಪರ್ಕದ ಮೂಲಕ ಕಲ್ಲನ್ನು ಇಳಿಸಿದರು.

ಹೊರಗೆ ಪೋರ್ಟ್‌ಲ್ಯಾಂಡ್ ಕಲ್ಲು, ಒಳಗೆ ಉಕ್ಕಿನ ಚೌಕಟ್ಟು. ಮೆಟ್ಟಿಲು ಹತ್ತಿ ಮೇಲೆ ಬಂದರೆ ಸ್ಮಾರಕದ ಜಾಗ. ಬಣ್ಣದ ಗಾಜಿನ ಕಿಟಕಿಯಲ್ಲಿ ಶಾಂತಿದೇವತೆ ಇದೇ ಕಟ್ಟಡದ ಗೋಪುರವನ್ನು ಕೈಯಲ್ಲಿ ಹಿಡಿದಿದ್ದಾಳೆ. ಕೆಳಗೆ ಜೊಂಡಿನ ನಡುವೆ ಬಂದು ನಿಂತ ದೋಣಿಯಂತೆ ಒಂದು ಕಂಚಿನ ಪೆಟ್ಟಿಗೆ, ಸತ್ತವರ ಹೆಸರಿನ ಸುರುಳಿಗಾಗಿ ಮಾಡಿಸಿದ್ದು. ಪಯಣ ಮುಗಿದು ದಡ ಸೇರಿದ್ದಾರೆ ಎಂಬ ಭಾವ. ಇಲ್ಲಿ ಮಾತು ತಗ್ಗಿಸಿ, ಮಕ್ಕಳನ್ನು ಕೈಹಿಡಿದುಕೊಳ್ಳಿ.

ಮುಂದೆ ಗ್ರ್ಯಾಂಡ್ ಟೆಂಪಲ್‌ನ ಕಂಚಿನ ಬಾಗಿಲುಗಳು. ಒಂದೊಂದು ಕದದ ತೂಕ ಒಂದೂಕಾಲು ಟನ್. ಮೈತುಂಬ ಬೈಬಲ್‌ನಲ್ಲಿ ಬರುವ ಸೊಲೊಮನ್ ದೊರೆಯ ದೇವಾಲಯ ಕಟ್ಟುತ್ತಿರುವವರ ಉಬ್ಬುಶಿಲ್ಪ. ಅಷ್ಟು ಭಾರದ ಕದವನ್ನು ಎಂಥ ಹದದಲ್ಲಿ ಕೂರಿಸಿದ್ದಾರೆಂದರೆ ಒಬ್ಬರೇ ಸಲೀಸಾಗಿ ತಳ್ಳಬಹುದು. ನಮ್ಮ ಮನೆಗಳ ತೇಗದ ಬಾಗಿಲು ಮಳೆಗಾಲದಲ್ಲಿ ಹೊಸ್ತಿಲಿಗೆ ಉಜ್ಜುವುದು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಒಳಗಿನ ಸಭಾಂಗಣ 123 ಅಡಿ ಉದ್ದ, 90 ಅಡಿ ಅಗಲ, 62 ಅಡಿ ಎತ್ತರ. ಸುಮಾರು 1,700 ಜನ ಕೂರಬಹುದು. ನಡುವೆ ಕಪ್ಪು ಬಿಳಿ ಚೌಕಗಳ ನೆಲಹಾಸು, ಸುಖದುಃಖದ ಗುರುತು. ಒಳಹೋಗುತ್ತಿದ್ದಂತೆ ಎಲ್ಲರೂ ವೇದಿಕೆಯ ಕುರ್ಚಿಗಳನ್ನು ನೋಡುತ್ತಾರೆ, ನೀವು ತಲೆ ಎತ್ತಿ. ಛಾವಣಿ ಗೋಡೆ ಸೇರುವ ಬಾಗಿದ ಅಂಚಿನ ಸುತ್ತ ಮೊಸಾಯಿಕ್ ಚಿತ್ರಗಳಿವೆ. ನಾಲ್ಕು ಮೂಲೆಗಳಲ್ಲಿ ವಿವೇಕ, ಸಂಯಮ, ಧೈರ್ಯ, ನ್ಯಾಯ ಎಂಬ ನಾಲ್ಕು ಗುಣಗಳು ಮನುಷ್ಯರೂಪದಲ್ಲಿ ನಿಂತಿವೆ. ಯೂಕ್ಲಿಡ್, ಪೈಥಾಗೊರಸ್ ಕೂಡ ಇದ್ದಾರೆ. ಕಪಾಟಿನಲ್ಲಿ ನೋಡಿದ ಬೆಳ್ಳಿ ತಗಡಿನ ಲೆಕ್ಕವೇ ಇಲ್ಲಿ ಛಾವಣಿಗೆ ಏರಿದೆ. ಕುತ್ತಿಗೆ ನೋವಿನವರು ಹಿಂದಿನ ಸಾಲಿನಲ್ಲಿ ಕೂತು, ಬೆನ್ನು ಒರಗಿಸಿ ನೋಡಿ.

ನಮ್ಮವರಿಗೆ ಮುಖ್ಯವಾದ ಭಾರತದ ಕಥೆಯನ್ನು ಅಲ್ಲಿನ ಕಪಾಟುಗಳನ್ನೇ ನಂಬಿಕೊಳ್ಳದೆ ಮನೆಯಲ್ಲೇ ಓದಿಕೊಂಡು ಹೋಗುವುದು ಒಳ್ಳೆಯದು. ಭಾರತದ ಮೊದಲ ಲಾಡ್ಜ್ 1730ರ ಹೊತ್ತಿಗೆ ಕಲ್ಕತ್ತದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರರಿಗಾಗಿ. ಆರ್ಕಾಟ್ ನವಾಬನ ಮಗ ಉಮ್ದತ್-ಉಲ್-ಉಮರಾ 1770ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿ ಸದಸ್ಯನಾದ. ಲಂಡನ್ನಿನಿಂದ ಅವನಿಗೆ ಅಲಂಕರಿಸಿದ ಏಪ್ರನ್ ಕಳಿಸಿದರು. ಅದೇ ದಶಕದಲ್ಲಿ, 1779ರಲ್ಲಿ, ಹೈದರಾಲಿ ಮದಕರಿ ನಾಯಕನಿಂದ ಚಿತ್ರದುರ್ಗ ಕಿತ್ತುಕೊಂಡ. ನವಾಬನ ಮಗನಿಗೆ ಸಿಕ್ಕ ಮರ್ಯಾದೆ ಸಾಮಾನ್ಯ ಹಿಂದೂಗಳಿಗೆ ಸಿಗಲಿಲ್ಲ. ಬಹುದೇವರನ್ನು ಪೂಜಿಸುವವರು ಒಬ್ಬ ದೇವರ ಮೇಲೆ ಪ್ರಮಾಣ ಮಾಡುವುದು ಹೇಗೆ ಎಂದು ಅಡ್ಡಿ ಹಾಕಿದರು. ಕಲ್ಕತ್ತದ ಪ್ರಸನ್ನ ಕುಮಾರ ದತ್ತ ಒಂಬತ್ತು ವರ್ಷ ಹೋರಾಡಿ 1872ರಲ್ಲಿ ಆಂಕರ್ ಆ್ಯಂಡ್ ಹೋಪ್ ಲಾಡ್ಜ್ ಸೇರಿದರು. ಅದೇ ಲಾಡ್ಜ್‌ಗೆ 1884ರಲ್ಲಿ ಸೇರಿದ ತರುಣ ನರೇಂದ್ರನಾಥ ದತ್ತ, ಮುಂದೆ ವಿವೇಕಾನಂದರಾದವರು. ಹೆಂಗಸರಿಗೆ ಈ ಗ್ರ್ಯಾಂಡ್ ಲಾಡ್ಜ್‌ನಲ್ಲಿ ಸದಸ್ಯತ್ವ ಇಲ್ಲ, ಅವರ ಪ್ರತ್ಯೇಕ ಸಂಘಗಳಿವೆ. ಗಂಡಸರು ಹೆಂಗಸರು ಒಟ್ಟಿಗೆ ಇರುವ ಪಂಗಡವನ್ನು ಇಂಗ್ಲೆಂಡಿಗೆ ತಂದವರಲ್ಲಿ ಮುಂದಾಳು ಆನಿ ಬೆಸೆಂಟ್, 1902ರಲ್ಲಿ. ಸ್ವತಂತ್ರ ಭಾರತದ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದದ್ದು 1961ರ ನವೆಂಬರ್ 24ರಂದು, ಅದರ ಕಚೇರಿ ನವದೆಹಲಿಯ ಜನಪಥ್‌ನಲ್ಲಿದೆ.

ಸ್ಥಳೀಯ ಇತಿಹಾಸ ಬರೆಯುವವರಿಗೆ ಇಲ್ಲೊಂದು ಗಣಿ ಇದೆ. ಕಟ್ಟಡದಲ್ಲೇ ಗ್ರಂಥಾಲಯ ಮತ್ತು ದಾಖಲೆ ವಿಭಾಗ ಇದೆ. 1751ರಿಂದ 1921ರವರೆಗಿನ ಸದಸ್ಯರ ರಿಜಿಸ್ಟರ್‌ಗಳು ವಂಶಾವಳಿ ಹುಡುಕುವ ಆ್ಯನ್ಸೆಸ್ಟ್ರಿ ಜಾಲತಾಣದಲ್ಲೂ ಸಿಗುತ್ತವೆ, ಅದಕ್ಕೆ ಚಂದಾ ಕಟ್ಟಬೇಕು. ಹೆಸರು, ವಯಸ್ಸು, ಉದ್ಯೋಗ, ಸೇರಿದ ದಿನ, ಲಾಡ್ಜ್ ಎಲ್ಲವೂ ಅದರಲ್ಲಿದೆ. ಹಳೆಯ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಬ್ರಿಟಿಷ್ ಎಂಜಿನಿಯರ್, ಸರ್ವೇಯರ್, ಸೇನಾಧಿಕಾರಿಗಳ ಜಾಡು ಹಿಡಿಯುವವರು ಹೆಸರಿನ ಎರಡು ಮೂರು ಕಾಗುಣಿತ ಹಾಕಿ ಹುಡುಕಬೇಕು. ಊರಿನ ಹೆಸರುಗಳಂತೂ ಬ್ರಿಟಿಷರ ಬಾಯಿಗೆ ಬಂದ ಹಾಗೆ ಇರುತ್ತವೆ: ಚಿತ್ರದುರ್ಗ ಆಗ 'ಚಿತಲ್‌ಡ್ರೂಗ್'.

ಕೊರತೆಗಳನ್ನೂ ಹೇಳಬೇಕು. ಬೋರ್ಡುಗಳ ವಿವರ ವಿಷಯ ಮೊದಲೇ ಗೊತ್ತಿದ್ದವರಿಗೆ ಬರೆದಂತಿದೆ. ಮಟ್ಟ ಎಂದರೇನು, ಅದನ್ನು ಹೇಗೆ ಹಿಡಿಯುತ್ತಾರೆ ಎಂಬುದು ತಿಳಿಯದ ಇಂದಿನ ಮಕ್ಕಳಿಗೆ ಅರ್ಧ ಸಂಗ್ರಹ ಅರ್ಥವಾಗದು. ಪದಕಗಳು ಅತಿಯಾದವು. ಸಾಲುಸಾಲು ಪದಕ ನೋಡುತ್ತ ಅರ್ಧ ಗಂಟೆಯಲ್ಲಿ ಕಣ್ಣು ಸೋಲುತ್ತದೆ. ಆದ್ದರಿಂದ ಕ್ರಮ ಬದಲಿಸಿ: ಮೊದಲು ಏಪ್ರನ್, ಆಮೇಲೆ ಸಿಂಹಾಸನ, ಆಮೇಲೆ ಆರಿಸಿದ ನಾಲ್ಕೈದು ಪದಕ, ಕೊನೆಗೆ ಟೂರ್. ಮ್ಯೂಸಿಯಂಗೆ ಒಂದೂವರೆ ಗಂಟೆ, ಟೂರ್‌ಗೆ ಒಂದು ಗಂಟೆ. ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಒಂಬತ್ತು ಸಲಕರಣೆಗಳ ಚಿತ್ರ ಒಂದು ಹಾಳೆಯಲ್ಲಿ ಬರೆದುಕೊಟ್ಟು 'ಹುಡುಕು' ಎಂದರೆ ಸಾಕು, ಅವರೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ.

ಬುಧವಾರದಿಂದ ಶನಿವಾರದೊಳಗೆ ಹೋದರೆ ಇನ್ನೊಂದು ಲಾಭ. ಕಿಂಗ್ಸ್‌ವೇ ದಾಟಿ ಆಚೆ ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿ ಸರ್ ಜಾನ್ ಸೋನ್ ಮ್ಯೂಸಿಯಂ ಇದೆ, ಅದೂ ಉಚಿತ, ಸೋಮವಾರ ಮಂಗಳವಾರ ರಜೆ. ವಾಸ್ತುಶಿಲ್ಪಿ ಸೋನ್ ಸ್ವತಃ ಮೇಸನ್. ಎರಡು ಗ್ರ್ಯಾಂಡ್ ಲಾಡ್ಜ್‌ಗಳು ಒಂದಾದ 1813ರ ಒಪ್ಪಂದದ ಪತ್ರ ಇಡಲು ಅವನು ಮಾಡಿಕೊಟ್ಟ ಮರದ ಮಂಜೂಷ 1883ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅವನ ಮನೆ ಮಾತ್ರ ಅವನಿದ್ದಂತೆಯೇ ಇದೆ. ಊಟಕ್ಕೆ ಕವೆಂಟ್ ಗಾರ್ಡನ್ ಕಡೆ ನಡೆದರೆ ಸಸ್ಯಾಹಾರಕ್ಕೆ ಪರದಾಡಬೇಕಿಲ್ಲ.

ಮಧ್ಯಾಹ್ನ ಸಮಯ ಉಳಿದರೆ ಹೋಬರ್ನ್‌ನಿಂದ ಪಿಕಡಿಲಿ ಲೈನ್ ಹಿಡಿದು ಗ್ರೀನ್ ಪಾರ್ಕ್‌ನಲ್ಲಿ ಇಳಿಯಿರಿ, ಅಲ್ಲಿ ಬ್ರಿಕ್ಸ್‌ಟನ್ ಕಡೆಯ ವಿಕ್ಟೋರಿಯಾ ಲೈನ್ ಹತ್ತಿ ವಾಕ್ಸಾಲ್‌ನಲ್ಲಿ ಇಳಿಯಿರಿ. ಥೇಮ್ಸ್ ದಂಡೆಯಲ್ಲಿ ಉತ್ತರಕ್ಕೆ ಹತ್ತು ನಿಮಿಷ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಅದು ಬಯಲಲ್ಲೇ ಇರುವುದರಿಂದ ವಾರದ ರಜೆ, ಸಂಜೆ ಐದರ ಚಿಂತೆ ಇಲ್ಲ. ಚಳಿಗಾಲದಲ್ಲಿ ಮಾತ್ರ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಮೂರರೊಳಗೆ ಅಲ್ಲಿ ಇರುವಂತೆ ಹೊರಡಿ.